ಶಿಗೆನೊ ಕೊಂಡ ಕಪ್ಪು ರೇಷ್ಮೆ

ಮನೆಯಲ್ಲಿ ಕಾಯಿಲೆಯವರಿರುವಾಗ ಸೂತಕದ ಬಟ್ಟೆ ಕೊಳ್ಳಬಾರದು. ಕೊಂಡರೆ, ನೀನಿನ್ನು ಹೊರಡಬಹುದು ಎಂದು ಆ ಜೀವಕ್ಕೆ ಚಪ್ಪಲಿಯನ್ನು ಬಾಗಿಲ ಕಡೆ ತಿರುಗಿಸಿಟ್ಟ ಹಾಗೆ. ಇದನ್ನು ಕ್ಯೋಟೋದ ಹೆಣ್ಣುಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಅನ್ನ ತಿನ್ನುವುದನ್ನು ಕಲಿತ ಹಾಗೆ ಕಲಿತುಬಿಡುತ್ತಾರೆ. ಆದ್ದರಿಂದಲೇ ಮಗಳ ಮದುವೆ ನಿಶ್ಚಯವಾದಾಗ, ಮನೆಮಂದಿಯೆಲ್ಲ ನಗುನಗುತ್ತ ಓಡಾಡುವಾಗ, ತಾಯಿಯಾದವಳು ಸದ್ದಿಲ್ಲದೆ ಒಂದು ಕಪ್ಪು ರೇಷ್ಮೆಯ ಕಿಮೋನೋ ಹೊಲಿಸಿ, ಅವಳ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟು ಕಳಿಸುತ್ತಾಳೆ. ಮುಂದೊಂದು ದಿನ ಅತ್ತೆಯೋ ಮಾವನೋ ಗಂಡನೋ ಹೋದಾಗ ಹುಡುಗಿ ಎರವಲಿಗೆ ಕೈಚಾಚಬಾರದು. ಮದುವೆಯ ಸಡಗರದಲ್ಲೇ ಸಾವಿನ ಬಟ್ಟೆ ಹೊಲಿಸುವ ಊರು ಇದು. ಮುಂದಾಲೋಚನೆ ಎನ್ನಿ, ಕಲ್ಲೆದೆ ಎನ್ನಿ.

ಶಿಗೆನೊ ಬೀರುವಿಲ್ಲದೆ ಬಂದವಳು. ತಾಂಗೊ ಕಡೆಯ ಕಡಲದಂಡೆಯಲ್ಲಿ ಬಿಳಿ ರೇಷ್ಮೆ ನೇಯುವ ಮನೆಯ ಹುಡುಗಿ. ತಾಯಿಯ ಮುಖ ನೆನಪಿಲ್ಲ, ತಂದೆಗೆ ಮಗ್ಗ ಬಿಟ್ಟರೆ ಇನ್ನೊಂದು ಲೋಕವಿಲ್ಲ. ಕ್ಯೋಟೋದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಮನೆಗೆ ಕೆಲಸಕ್ಕೆಂದು ಬಂದು, ಆ ಮನೆಯ ಮಗ ಯಾಸುಕಿಚಿಯ ಕಣ್ಣಿಗೆ ಬಿದ್ದು ಸೊಸೆಯಾದಳು. ಅತ್ತೆ ಒಂದು ದಿನವೂ ಬೈಯಲಿಲ್ಲ. ಈ ಊರಿನವರು ಬೈಯುವುದಿಲ್ಲ, ಹೊಗಳುತ್ತಾರೆ.

"ನಮ್ಮ ಸೊಸೆ ಎಷ್ಟು ಹಗುರ ಅಂತೀರಿ! ಬೇರೆಯವರ ಮನೆಗೆ ಸೊಸೆ ಬಂದ್ರೆ ಲಾರಿ ಬೇಕು. ನಮ್ಮವಳು ಒಂದೇ ಗಂಟಲ್ಲಿ ಬಂದುಬಿಟ್ಲು ನೋಡಿ," ಎಂದು ಬಂದವರಿಗೆಲ್ಲ ಚಹಾ ಬಗ್ಗಿಸುತ್ತ ಹೇಳುತ್ತಿದ್ದಳು.

ಆ ಅತ್ತೆ ಸತ್ತಾಗ ಶಿಗೆನೊಗೆ ಉಡಲು ಕಪ್ಪಿರಲಿಲ್ಲ. ಗಂಡನ ಅಕ್ಕ ಹಮಾ ತನ್ನದೊಂದನ್ನು ಕೊಟ್ಟಳು. ಉಟ್ಟು ಬಂದಾಗ, ನೆಂಟರೆಲ್ಲ ಕೂತಿದ್ದ ಕೋಣೆಯಲ್ಲೇ ಶಿಗೆನೊಳ ಕತ್ತುಪಟ್ಟಿ ಸರಿಮಾಡುತ್ತ ಹೇಳಿದಳು: "ಅಳು ಬಂದ್ರೆ ಸ್ವಲ್ಪ ಮುಂದಕ್ಕೆ ಬಗ್ಗಿ ಅಳಮ್ಮ. ರೇಷ್ಮೆ ಮೇಲೆ ಕಣ್ಣೀರು ಬಿದ್ರೆ ಕಲೆ ಹೋಗಲ್ಲ." ಅಂದು ಶಿಗೆನೊ ಅಳಲಿಲ್ಲ. ಅತ್ತೆಗಾಗಿ ಅಳುವುದಕ್ಕೆ ಅವಳಲ್ಲಿ ಬೇಕಾದಷ್ಟು ದುಃಖವಿತ್ತು ಎಂದೇನೂ ಅಲ್ಲ. ಆದರೆ ಅಳಬೇಕಾದಾಗ ಬಟ್ಟೆಯ ಯೋಚನೆ ಮಾಡುತ್ತ ಮಂಡಿಯೂರಿ ಕೂತದ್ದು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಊರಿನವರು ಮಾತ್ರ, ಸೊಸೆಯ ಕಣ್ಣು ಒದ್ದೆಯಾಗಲಿಲ್ಲ ನೋಡಿದಿರಾ, ಎಂದರು.

ಇಷ್ಟಕ್ಕೂ ಯಾಸುಕಿಚಿಯ ಕಸುಬೇ ಕಪ್ಪು ಹಾಕುವುದು. ತಾಂಗೊದಿಂದ ಬಂದ ಬಿಳಿ ರೇಷ್ಮೆಯನ್ನು ಮೊದಲು ಕೆಂಪಿನ ಹಂಡೆಯಲ್ಲಿ ಅದ್ದಿ, ಆಮೇಲೆ ಕಪ್ಪಿನಲ್ಲಿ ಮುಳುಗಿಸಿ ಎತ್ತುತ್ತಿದ್ದ. ಒಳಗೆ ಕೆಂಪಿದ್ದರೇ ಕಪ್ಪಿಗೆ ಆಳ ಬರುವುದು ಎನ್ನುತ್ತಿದ್ದ. ಅವನ ಉಗುರಿನ ಬುಡದಲ್ಲಿ ಎಷ್ಟು ತೊಳೆದರೂ ಹೋಗದ ಒಂದು ಕಪ್ಪುಗೆರೆ. ಊರ ವಿಧವೆಯರಲ್ಲಿ ಅರ್ಧಕ್ಕರ್ಧ ಮಂದಿ ಅವನ ಕೈಯ ಕಪ್ಪನ್ನೇ ಉಟ್ಟು ಅತ್ತವರು. ಅಂಥವನ ಹೆಂಡತಿಗೆ ಒಂದು ಗೇಣು ಕಪ್ಪಿಲ್ಲ.

ಅವಳು ಕೇಳಿದ್ದಳು, ಕೇಳದೆ ಇರಲಿಲ್ಲ. "ನಂಗೂ ಒಂದು ಹಾಕಿಕೊಡಿ. ಬಟ್ಟೆ ಊರಿಂದ ತರಿಸ್ತೀನಿ, ನಿಮ್ಮ ಗಂಟೇನು ಹೋಗಲ್ಲ."

"ನಾನು ಹಾಕಲ್ಲ."

"ಯಾಕೆ?"

"ಹಾಕಲ್ಲ ಅಂದ್ರೆ ಹಾಕಲ್ಲ. ನನ್ನ ಸಾವಿಗೆ ನಾನೇ ಹಂಡೆ ಕಾಯಿಸ್ಲಾ?"

ಇದು ಮೂಢನಂಬಿಕೆಯೋ, ಜಿಪುಣತನವೋ, ಇಲ್ಲ ಎರಡೂ ಸೇರಿದ ಗಂಡಸಿನ ಹಟವೋ, ಶಿಗೆನೊಗೆ ತಿಳಿಯಲಿಲ್ಲ. ಮತ್ತೆ ಕೇಳಲಿಲ್ಲ. ಮಕ್ಕಳಾಗಲಿಲ್ಲ. ಹಂಡೆಯ ಹಬೆಯಲ್ಲಿ ಇಬ್ಬರೂ ಮುದುಕರಾದರು. ಈ ನಡುವೆ ಹುಡುಗಿಯರು ಬಿಳಿ ಗೌನಿನಲ್ಲಿ ಮದುವೆಯಾಗತೊಡಗಿದರು, ಬೀರು ತುಂಬುವ ಪದ್ಧತಿ ಸಡಿಲವಾಯಿತು, ಸೂತಕದ ಕಿಮೋನೋ ಬಾಡಿಗೆಗೂ ಸಿಗುವ ಕಾಲ ಬಂತು. ಯಾಸುಕಿಚಿ ಹಂಡೆಗಳನ್ನು ಮಗುಚಿಟ್ಟ. ಮಗುಚಿಟ್ಟ ಮೇಲೆ ಅವನ ಹೊಟ್ಟೆಯಲ್ಲಿ ಗೆಡ್ಡೆಯಾಯಿತು.

ಡಾಕ್ಟರು ಶಿಗೆನೊಳನ್ನು ಮಾತ್ರ ಹೊರಗೆ ಕರೆದು ಹೇಳಿದರು. ರೋಗಿಗೆ ಹೇಳುವ ಪದ್ಧತಿ ಇರಲಿಲ್ಲ. ಮಳೆಗಾಲ ಕಾಣುವುದು ಕಷ್ಟ ಎಂದರು. ಅವಳು ಒಳಗೆ ಬಂದು, "ಹೊಟ್ಟೆಹುಣ್ಣಂತೆ. ಖಾರ ಬಿಡಬೇಕಂತೆ," ಎಂದಳು. "ನಾನು ಯಾವಾಗ ಖಾರ ತಿಂದಿದ್ದೆ?" ಎಂದ ಯಾಸುಕಿಚಿ.

ಅವಳಿಗೆ ಆಗ ಬಂದ ಮೊದಲ ಯೋಚನೆಯನ್ನು ಹೇಳಿದರೆ ನೀವು ಅವಳನ್ನು ಕಟುಕಿ ಎನ್ನಬಹುದು. ಬಾಡಿಗೆಯ ಬಟ್ಟೆಯನ್ನೋ ಹಮಾಳ ಬಟ್ಟೆಯನ್ನೋ ಉಟ್ಟು, ಕಲೆಯಾದೀತೆಂದು ಮುಂದಕ್ಕೆ ಬಗ್ಗಿ, ಇವರ ಹೆಣದ ಮುಂದೆ ಕೂರಲಾರೆ. ಇವರಿಗಾಗಿಯಾದರೂ ನನ್ನ ಸ್ವಂತ ಬಟ್ಟೆಯ ಮೇಲೆ ಅಳಬೇಕು. ಇಷ್ಟೇ ಅವಳ ಯೋಚನೆ. ಆದರೆ ಜೀವ ಇನ್ನೂ ಇರುವಾಗ ಕಪ್ಪು ಕೊಂಡೆನೆಂದು ಅವರಿಗೆ ಗೊತ್ತಾಗಕೂಡದು. ಗೊತ್ತಾದರೆ, ಕಟ್ಟಿಕೊಂಡವಳೇ ತನ್ನನ್ನು ಹೊರಗೆ ದಬ್ಬಿದಳು ಎಂದುಕೊಂಡೇ ಅವರು ಸಾಯುತ್ತಾರೆ.

ನೆರೆಯ ಅಂಗಡಿಗಳನ್ನೆಲ್ಲ ಬಿಟ್ಟು, ಬಸ್ಸು ಹತ್ತಿ ಊರಿನ ಇನ್ನೊಂದು ತುದಿಗೆ ಹೋದಳು. ಹಳೆಯ ಕಿಮೋನೋ ಅಂಗಡಿ. ಗಾಜಿನೊಳಗೆ ಚೆರಿ ಹೂವಿನ ಚಿತ್ತಾರದ ನಡುಪಟ್ಟಿಗಳು, ಕೂದಲಿಗೆ ಸಿಕ್ಕಿಸುವ ಕೊಂಬಿನ ಬಾಚಣಿಗೆಗಳು, ಬಣ್ಣಬಣ್ಣದ ರೇಷ್ಮೆಹುರಿ. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತಳು. ಅಂಗಡಿಯ ಒಡತಿ ಫುಸಾ ಎಂಬ ಮುದುಕಿ, ಬೆನ್ನು ಬಾಗಿದ್ದರೂ ಕಣ್ಣು ಚುರುಕು. ಸೊಸೆಯ ಕೈಯಲ್ಲಿ ಚಹಾ ತರಿಸಿದಳು. ಹೊರಗಿನ ಬಿಸಿಲು, ಹೋದ ವರ್ಷದ ಚಳಿ, ಎಲ್ಲ ಮಾತಾದವು. ಶಿಗೆನೊ ನೀಲಿ ಹುರಿಯೊಂದನ್ನು ಎತ್ತಿ ನೋಡಿದಳು, ಇಟ್ಟಳು. ಬಾಚಣಿಗೆ ನೋಡಿದಳು, ಇಟ್ಟಳು.

"ಏನು ತೋರಿಸ್ಲಿ ತಾಯಿ?" ಎಂದಳು ಫುಸಾ.

"ಮಗಳಿಗೆ..." ಎಂದಳು ಶಿಗೆನೊ. ನಾಲಿಗೆ ತಾನಾಗಿಯೇ ದಾರಿ ಮಾಡಿಕೊಂಡಿತು. "ಮಗಳ ಮದುವೆ ಅಮ್ಮಾವ್ರೇ. ಬೀರುವಿಗೆ ಒಂದು ಕಪ್ಪು ಬೇಕಾಗಿತ್ತು."

"ಅಯ್ಯೋ, ಎಂಥ ಸಂತೋಷ!" ಎಂದು ಫುಸಾ ಹಣೆ ಚಾಪೆಗೆ ತಾಗುವಂತೆ ಬಾಗಿದಳು. ಸೊಸೆಯೂ ಬಾಗಿದಳು. ಎರಡು ತಲೆಗಳು ಬಾಗಿದ್ದನ್ನು ನೋಡಿ ಶಿಗೆನೊಗೆ ನಾಚಿಕೆಯಿಂದ ಕಿವಿ ಸುಟ್ಟಿತು. ಅವಳೂ ಬಾಗಿದಳು. ಇಲ್ಲದ ಮಗಳ ಮದುವೆಗೆ ಮೂವರೂ ಚಾಪೆಗೆ ಹಣೆ ಹಚ್ಚಿದರು.

ಕಪ್ಪು ರೇಷ್ಮೆಯ ಸುರುಳಿ ಬಂತು. ಫುಸಾ ಅದನ್ನು ಬಿಚ್ಚಿದಳು. ಬೆನ್ನಿಗೆ, ತೋಳಿಗೆ, ಎದೆಗೆ ಬರುವ ಕಡೆ ಕಾಸಿನಗಲ ಬಿಳಿ ಬಟ್ಟು ಬಿಟ್ಟಿದ್ದರು. ಅದರೊಳಗೆ ಮನೆತನದ ಗುರುತು ಬರೆಸಬೇಕು.

"ಮಗಳ ಎತ್ತರ ಎಷ್ಟು?"

"ನನ್ನಷ್ಟೇ."

ಫುಸಾ ಅಳತೆಪಟ್ಟಿ ಎತ್ತಿಕೊಂಡಳು. ಎದುರಿಗಿದ್ದ ಹೆಂಗಸಿನ ಬಿಳಿ ಕೂದಲು ನೋಡಿದಳು, ಆಸ್ಪತ್ರೆಯ ಔಷಧಿ ಚೀಲ ಇಣುಕುತ್ತಿದ್ದ ಗಂಟು ನೋಡಿದಳು. ಆಮೇಲೆ ದನಿ ತಗ್ಗಿಸಿ, "ಹಾಗಾದ್ರೆ ತೋಳೂ ನಿಮ್ಮಷ್ಟೇ ಇರುತ್ತೆ ಅಲ್ವಾ ತಾಯಿ. ಸ್ವಲ್ಪ ಚಾಚಿ," ಎಂದು ಶಿಗೆನೊಳ ತೋಳನ್ನೇ ಅಳೆದಳು. ಮಗಳ ಬಗ್ಗೆ ಮತ್ತೇನೂ ಕೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಯಾರೋ ಶಿಗೆನೊಳ ಮೈ ಅಳೆಯುತ್ತಿದ್ದರು.

"ಗುರುತು ಯಾವುದು ಬರೆಸ್ಲಿ? ನಮ್ಮ ಕಡೆ ಹೆಣ್ಣುಮಕ್ಕಳಿಗೆ ತಾಯಿ ಕಡೆಯ ಗುರುತೇ ಹಾಕೋದು."

ತಾಯಿಯ ಮುಖವೇ ತಿಳಿಯದವಳಿಗೆ ತಾಯಿಯ ಗುರುತು ಎಲ್ಲಿಂದ ತಿಳಿಯಬೇಕು? "ಕೇಳಿ ಹೇಳ್ತೀನಿ," ಎಂದಳು. ಯಾರನ್ನು ಕೇಳಬೇಕೋ ಅವಳಿಗೇ ಗೊತ್ತಿರಲಿಲ್ಲ. ಗುರುತು ತೀರ್ಮಾನವಾಗದೆ ಹೊಲಿಗೆಗೆ ಹಾಕುವಂತಿಲ್ಲ; ಅಂಗಡಿಯ ಪುಸ್ತಕದಲ್ಲಿ ವಿಳಾಸ ಬರೆಸಿ, ಸುರುಳಿಯನ್ನು ಮನೆಗೇ ತಂದಳು. ಹಾಸಿಗೆಗಳ ಗೂಡಿನಲ್ಲಿ ಗಂಡನ ಚಳಿಗಾಲದ ಹೊದಿಕೆಯ ಹಿಂದೆ ಬಚ್ಚಿಟ್ಟಳು.

ಮುದುಕಿ ಫುಸಾಗೆ ಅರ್ಥವಾದದ್ದು ಅವಳ ಸೊಸೆಗೆ ಅರ್ಥವಾಗಿರಲಿಲ್ಲ. ಮದುವೆಗೆ ಬಟ್ಟೆ ಕೊಂಡ ಮನೆಗೆ ಅಂಗಡಿಯಿಂದ ಮಂಗಳದ ಬುತ್ತಿ ಹೋಗುವುದು ಅಲ್ಲಿನ ವಾಡಿಕೆ. ಸೊಸೆ ಕೆಂಪು ಕಾಳಿನ ಅನ್ನವನ್ನು ಮೆರುಗಿನ ಪೆಟ್ಟಿಗೆಯಲ್ಲಿ ತುಂಬಿ, ಕೆಂಪು-ಬಿಳಿ ದಾರ ಕಟ್ಟಿ ಕಳಿಸಿದಳು. ಶಿಗೆನೊ ಆಸ್ಪತ್ರೆ ಸೇರಿದ್ದ ಗಂಡನ ಬಳಿ ಇದ್ದಳು. ಮನೆ ನೋಡಿಕೊಳ್ಳಲು ಬಂದಿದ್ದವಳು ಹಮಾ.

ಬುತ್ತಿ ತಂದವನು ಬಾಗಿಲಲ್ಲೇ ಬಾಗಿ, ಮಗಳ ಮದುವೆಗೆ ಶುಭವಾಗಲಿ, ಕಪ್ಪಿನ ಗುರುತು ತೀರ್ಮಾನವಾದರೆ ತಿಳಿಸಬೇಕಂತೆ, ಎಂದು ಒಪ್ಪಿಸಿ ಹೋದ. ಮಗಳು, ಮದುವೆ, ಕಪ್ಪು. ಹಮಾ ದಡ್ಡಿಯಲ್ಲ. ಗೂಡು ತೆಗೆದು ನೋಡಿದಳು. ಬುತ್ತಿಯನ್ನು ಹಾಗೇ ಎತ್ತಿಕೊಂಡು ಆಸ್ಪತ್ರೆಗೆ ಬಂದಳು.

ಅದನ್ನು ತಮ್ಮನ ಕಾಲ ಬಳಿ ಇಟ್ಟು, ಮುಖದಲ್ಲಿ ಮಂದಹಾಸ ಇಟ್ಟುಕೊಂಡೇ ಹೇಳಿದಳು. "ನಿಂಗೊಬ್ಳು ಮಗಳಿದ್ದಾಳಂತೆ ಕಣೋ, ಗೊತ್ತಿತ್ತಾ? ಅವಳಿಗೆ ಮದುವೆಯಂತೆ. ನಿನ್ನ ಹೆಂಡ್ತಿ ಎಷ್ಟು ಜಾಣೆ ಅಂದ್ರೆ, ಆಗಲೇ ಕಪ್ಪು ರೇಷ್ಮೆ ತಂದು ಗೂಡಲ್ಲಿಟ್ಟಿದ್ದಾಳೆ."

ಶಿಗೆನೊ ಕೈಯಲ್ಲಿದ್ದ ಟವೆಲನ್ನು ಹಿಂಡುತ್ತಲೇ ಇದ್ದಳು. ನೀರು ಮುಗಿದರೂ ಹಿಂಡುತ್ತಿದ್ದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಕ್ಕಾ, ಮನೆಗೆ ಹೋಗು," ಎಂದ ಯಾಸುಕಿಚಿ.

"ನಿನ್ನ ಒಳ್ಳೇದಕ್ಕೇ..."

"ಹೋಗು ಅಂದೆ."

ಅವಳು ಹೋದ ಮೇಲೆ ಅವನು ಗೋಡೆಗೆ ಮುಖ ಮಾಡಿ ಮಲಗಿದ. ಹೊಟ್ಟೆಹುಣ್ಣು ಎಂದ ಬಾಯಿಂದ ಶಿಗೆನೊ ಇನ್ನು ಯಾವ ಸುಳ್ಳು ಹೇಳುವುದು? ಕೊನೆಗೆ ಅವನೇ ಗೋಡೆಗೆ ಹೇಳುವಂತೆ ಹೇಳಿದ: "ಹೊಟ್ಟೆಹುಣ್ಣಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು ಕಣೇ. ನಾಳೆ ಅದನ್ನ ತಗೊಂಬಾ."

ರಾತ್ರಿಯೆಲ್ಲ ಅವಳು ನಿದ್ದೆ ಮಾಡಲಿಲ್ಲ. ಸುಟ್ಟುಬಿಡಲೇ ಎನ್ನಿಸಿತು, ಹಿಂದಕ್ಕೆ ಕೊಟ್ಟುಬಿಡಲೇ ಎನ್ನಿಸಿತು. ಬೆಳಗ್ಗೆ ಗಂಟು ಕಟ್ಟಿಕೊಂಡು ಹೋದಳು. ಆಸ್ಪತ್ರೆಗೆ ಸೂತಕದ ಬಟ್ಟೆ ಒಯ್ಯುತ್ತಿರುವ ತನ್ನನ್ನು ಬಸ್ಸಿನವರೆಲ್ಲ ನೋಡುತ್ತಿದ್ದಾರೆ ಎಂದೇ ಅವಳಿಗೆ ಅನ್ನಿಸುತ್ತಿತ್ತು. ಯಾರೂ ನೋಡುತ್ತಿರಲಿಲ್ಲ.

ವಾರ್ಡಿನ ಪರದೆ ಎಳೆದು ಗಂಟು ಬಿಚ್ಚಿದಳು. ಯಾಸುಕಿಚಿ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿದ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. "ಕೆಂಪು ಸಾಲ್ದು," ಎಂದ. "ಆತುರದಲ್ಲಿ ಹಾಕಿದ್ದಾರೆ ಕಳ್ಳನನ್ಮಕ್ಕಳು." ಸಾಯುವಾಗಲೂ ಈ ಮನುಷ್ಯನಿಗೆ ಬೇರೆಯವರ ಹಂಡೆಯ ಚಿಂತೆ ಎಂದು ಶಿಗೆನೊಗೆ ಸಿಟ್ಟೂ ಬಂತು, ಅಳುವೂ ಬಂತು.

"ನಿಮ್ಮನ್ನ ಕಳಿಸೋಕೆ ತಂದಿದ್ದಲ್ಲ ಕಣ್ರೀ ಇದು," ಎಂದಳು. "ನಿಮ್ಮ ಮುಂದೆ ಬೇರೆಯವರ ಬಟ್ಟೇಲಿ ಕೂತ್ಕೊಳ್ಳೋಕೆ ನನ್ನಿಂದಾಗಲ್ಲ. ಅದಕ್ಕೆ. ಅಷ್ಟೇ."

"ಹೊದ್ಕೊಂಡು ತೋರಿಸು."

"ಅಯ್ಯೋ, ಬೇಡ!"

"ಆಮೇಲೆ ನಾನು ನೋಡೋಕಾಗುತ್ತಾ?"

ಅಂಗಡಿಯಲ್ಲಿ ಗಿರಾಕಿಯ ಹೆಗಲಿಗೆ ಹೊದಿಸಿ ತೋರಿಸುತ್ತಾರಲ್ಲ, ಹಾಗೆ ಸುರುಳಿ ಬಿಚ್ಚಿ, ಎಡಹೆಗಲಿನಿಂದ ಇಳಿಬಿಟ್ಟು, ಎದೆಯ ಮೇಲೆ ಸುತ್ತಿ ಹಿಡಿದು ನಿಂತಳು. ಬಿಳಿ ಬಟ್ಟೊಂದು ಎದೆಯ ಮೇಲೆ ಬಂದು ಕೂತಿತು. ಕನ್ನಡಿಯಿರಲಿಲ್ಲ, ಅವನ ಕಣ್ಣೇ ಇದ್ದದ್ದು. ಹುಡುಗಿಯಾಗಿದ್ದಾಗಲೂ ಅವನು ಅವಳನ್ನು ಹಾಗೆ ನೋಡಿರಲಿಲ್ಲ.

"ಒಪ್ಪುತ್ತೆ ಕಣೇ ನಿಂಗೆ," ಎಂದ.

ಶಿಗೆನೊಳ ಮೈ ಉರಿದುಹೋಯಿತು. "ಇಷ್ಟು ವರ್ಷ ಒಂದು ದಿನ ಹೇಳ್ಲಿಲ್ಲ. ಹೇಳೋಕೆ ನಿಮಗೆ ಇದೇ ಬೇಕಾಗಿತ್ತಾ?"

"ಹೇಳೋದಕ್ಕೆ ನಾನು ನಿಂಗೆ ಏನು ತಂದ್ಕೊಟ್ಟಿದ್ದೆ?"

ನಿಜಕ್ಕೂ ಏನೂ ತಂದುಕೊಟ್ಟಿರಲಿಲ್ಲ. ಅವಳು ಬಟ್ಟೆ ಮಡಚಲು ಹೋದಾಗ ಅವನು ಬೇಡವೆಂದು ಕೈ ಆಡಿಸಿದ. "ಹಾಗೇ ಇರ್ಲಿ. ಸ್ವಲ್ಪ ಹೊತ್ತು ಕೂತ್ಕೋ." ಅವಳು ಕಪ್ಪು ಹೊದ್ದುಕೊಂಡೇ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಳು. ಅವನು ಅವಳತ್ತ ತಿರುಗಿ ಮಲಗಿ, ನೋಡುತ್ತ ನೋಡುತ್ತ ಔಷಧಿಯ ಅಮಲಿಗೆ ಕಣ್ಣು ಮುಚ್ಚಿದ. ಬಾಯಿ ಸ್ವಲ್ಪ ತೆರೆದುಕೊಂಡಿತು. ಉಸಿರು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗಿತ್ತು. ಅವಳು ಅವನ ಕೈಯ ಮೇಲೆ ಕೈಯಿಟ್ಟುಕೊಂಡಳು.

ಪಕ್ಕದ ಮಂಚದ ರೋಗಿಯನ್ನು ನೋಡಲು ಬಂದ ಹೆಂಗಸೊಬ್ಬಳು ದಾರಿ ತಪ್ಪಿ ಈ ಪರದೆಯನ್ನು ಸರಿಸಿದಳು. ಕಪ್ಪಿನಲ್ಲಿ ಕೂತ ಮುದುಕಿಯನ್ನೂ ಅಲುಗದೆ ಮಲಗಿದ್ದ ಮುದುಕನನ್ನೂ ಕಂಡು ಗಕ್ಕನೆ ನಿಂತಳು. ಕೈಯಲ್ಲಿದ್ದ ಹಣ್ಣಿನ ಬುಟ್ಟಿ ಕೆಳಗಿಟ್ಟು, ಕೈಜೋಡಿಸಿ, ತಲೆ ತಗ್ಗಿಸಿ, "ತುಂಬಾ ದುಃಖದ ವಿಷಯ ಆಗೋಯ್ತು ತಾಯಿ," ಎಂದಳು.

ಶಿಗೆನೊ ಎದ್ದು ನಿಂತು, ಅವಳಿಗೆ ಮರಳಿ ಬಾಗಿ, ಗಂಡನಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಹೇಳಿದಳು:

"ಇನ್ನೂ ಆಗಿಲ್ಲಮ್ಮ."