ಎಲೆ ಅಚ್ಚಿನ ನೋಟು

ಅಬುಧಾಬಿಯ ಶಾಲೆಯಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ನನ್ನ ಜೊತೆಗಿದ್ದ ಅಮೆರಿಕದ ಟೀಚರ್ ಊರಿಗೆ ಮರಳುವಾಗ ಸಾಮಾನು ಹಂಚುತ್ತಾ ನನಗೊಂದು ಸಣ್ಣ ಫ್ರೇಮು ಕೊಟ್ಟಳು. ಒಳಗೆ ಕಂದು ಬಣ್ಣದ ಹಳೆಯ ನೋಟು. ಅವರ ನಾಡು ಬ್ರಿಟಿಷರ ಕೈಯಲ್ಲಿದ್ದಾಗ ಪೆನ್ಸಿಲ್ವೇನಿಯಾದಲ್ಲಿ ಅಚ್ಚಾದದ್ದಂತೆ. ಹಿಂಬದಿಯಲ್ಲಿ ಒಂದು ಎಲೆ. ಆ ಕಾಲದಲ್ಲಿ ನಿಜವಾದ ಎಲೆಯಿಂದಲೇ ಅಚ್ಚು ತೆಗೆಯುತ್ತಿದ್ದರು. ಒಂದು ಎಲೆಯ ನರದಂತೆ ಇನ್ನೊಂದರದ್ದು ಇರುವುದಿಲ್ಲವಾದ್ದರಿಂದ ಕಳ್ಳನೋಟು ಮಾಡುವುದು ಕಷ್ಟ ಎಂದು ಆಮೇಲೆ ಓದಿ ತಿಳಿದೆ.

ಶಾಲೆಯ ಲೆನ್ಸ್ ಹಿಡಿದು ನೋಡಿದೆ. ಎಲೆಯಲ್ಲಿ ನರಗಳಿರಲಿಲ್ಲ, ಬರೀ ಶಾಯಿಯ ಚುಕ್ಕೆಗಳು. ಇದು ಈಗಿನ ಕಾಲದ ನಕಲು. ಪಾಪ, ಕೊಟ್ಟವಳಿಗೂ ಗೊತ್ತಿದ್ದಿರಲಾರದು. ಆದರೆ ಅಂದೇ ಮನಸ್ಸು ಗಟ್ಟಿ ಮಾಡಿದೆ: ಅಸಲಿ ಎಲೆ ನೋಡದೆ ಬಿಡುವುದಿಲ್ಲ.

ರಜೆಯ ದಿನ ಬಸ್ಸು ಹತ್ತಿ ದುಬೈಯಲ್ಲಿ ಹಳೆ ನಾಣ್ಯ, ನೋಟು ಸಂಗ್ರಹಿಸುವವರು ಸೇರುವ ಜಾಗಕ್ಕೆ ಹೋದೆ. ಮೂಲೆಯ ಮೇಜಿನಲ್ಲಿ ನಮ್ಮ ಉಡುಪಿ ಕಡೆಯ ವಯಸ್ಸಾದ ಬ್ಯಾರಿ ವ್ಯಾಪಾರಿಯೊಬ್ಬರು ಕೂತಿದ್ದರು.

"ಟೀಚರೇ, ಹಳೇ ಗಲ್ಫ್ ರುಪಾಯಿ ಬೇಕಾ, ಕೊಡ್ತೇನೆ. ಈ ಎಲೆ ನೋಟು ಇಲ್ಲಿ ಯಾರೂ ಕೇಳುದಿಲ್ಲ" ಎಂದರು.

"ನಾನು ಕೇಳ್ತಾ ಇದ್ದೇನಲ್ಲ ಸಾಹೇಬ್ರೇ."

ಅವರು ನಕ್ಕು, ಅಸಲಿಯನ್ನು ಗುರುತಿಸುವ ಬಗೆ ಹೇಳಿಕೊಟ್ಟರು. ಸಹಿ ಕೈಯಿಂದ ಹಾಕಿದ್ದಿರಬೇಕು. ಬೆಳಕಿಗೆ ಓರೆಯಾಗಿ ಹಿಡಿದರೆ ಕೆಲವು ಕಾಗದಗಳಲ್ಲಿ ಅಭ್ರಕದ ಚೂರು ಮಿನುಗುತ್ತದೆ. ಆಮೇಲೆ ಪ್ರತಿ ಸಲ ಹೋದಾಗಲೂ ಅದೇ ಮಾತು: "ಮಾಫಿ, ಇಲ್ಲ ಟೀಚರೇ, ಬರ್ಲಿಲ್ಲ." ನಾನು ಹೋಗುವುದು ಬಿಡಲಿಲ್ಲ.

ವರ್ಷ ಕಳೆದ ಮೇಲೆ ಅವರೇ ಫೋನ್ ಮಾಡಿದರು. ಊರು ಬಿಡುತ್ತಿದ್ದ ಎಂಜಿನಿಯರೊಬ್ಬನ ಸಂಗ್ರಹದಲ್ಲಿ ಒಂದು ಸಿಕ್ಕಿತ್ತು. ಮಗಳನ್ನೂ ಕರೆದುಕೊಂಡು ಹೋದೆ. ನೋಟು ನಡುವೆ ಹರಿದಿತ್ತು. ಯಾರೋ ಆ ಕಾಲದಲ್ಲೇ ಸೂಜಿ ದಾರದಿಂದ ಹೊಲಿದಿದ್ದರು.

"ಅಮ್ಮಾ, ಇಟ್ಸ್ ಟೋರ್ನ್!" ಎಂದಳು ಮಗಳು.

"ಹರಿದದ್ದಕ್ಕೇ ನಿಮಗೆ ಎಟಕುವ ರೇಟು" ಎಂದರು ಸಾಹೇಬರು.

ನಾನು ಲೆನ್ಸ್ ತೆಗೆದೆ. ತೊಟ್ಟಿನಿಂದ ಹೊರಟ ನರ ಕವಲೊಡೆದು, ಆ ಕವಲು ಮತ್ತೆ ಕವಲೊಡೆದು, ಅಂಚಿನವರೆಗೂ ಹರಡಿತ್ತು. ಒಂದು ಕಡೆ ಹುಳ ತಿಂದ ತೂತು ಕೂಡ. ಯಾವುದೋ ತೋಟದಲ್ಲಿ ಯಾರೋ ಕಿತ್ತ ಎಲೆ. ಮಗಳು ಲೆನ್ಸ್ ಕಸಿದುಕೊಂಡಳು, ಬಹಳ ಹೊತ್ತು ಕೊಡಲಿಲ್ಲ.

ಮನೆಯಲ್ಲಿ ಗಂಡ ತಲೆ ಚಚ್ಚಿಕೊಂಡರು. "ಆ ದುಡ್ಡಿಗೆ ಒಂದು ಉಂಗುರ ಬರ್ತಿತ್ತು ಮಾರಾಯ್ತಿ!"

"ಉಂಗುರ ನನಗೆ ಉಂಟು. ಇದು ಇರ್ಲಿಲ್ಲ" ಎಂದೆ.

ಅವರದು ಮುಸಫ್ಫಾದ ವರ್ಕ್‌ಶಾಪಿನಲ್ಲಿ ಕೆಲಸ. ಸಿಟ್ಟು ಇಳಿದ ಮೇಲೆ, ನನಗೆ ಹೇಳದೆ, ನೋಟು ಹಾಳಾಗಬಾರದೆಂದು ಮನೆ ಹತ್ತಿರದ ಹಮ್ದಾನ್ ಸ್ಟ್ರೀಟಿನ ಟೈಪಿಂಗ್ ಸೆಂಟರಿಗೆ ಲ್ಯಾಮಿನೇಷನ್ ಮಾಡಿಸಲು ಒಯ್ದಿದ್ದರು! ಮಗಳಿಂದ ವಿಷಯ ತಿಳಿದು ನಾನು ಫೋನ್ ಮಾಡಿದರೆ ಎತ್ತಲಿಲ್ಲ. ಅಡುಗೆಯ ಒಲೆ ಆರಿಸಿ, ಮನೆಯ ಚಪ್ಪಲಿಯಲ್ಲೇ ಓಡಿದೆ.

ಅಂಗಡಿಯವನು ನೋಟನ್ನು ಪ್ಲಾಸ್ಟಿಕ್ಕಿನ ನಡುವೆ ಇಟ್ಟಾಗಿತ್ತು.

"ನಿಲ್ಸಿ!" ಎಂದು ಕೂಗಿದೆ. ಸರದಿಯಲ್ಲಿದ್ದವರೆಲ್ಲ ತಿರುಗಿದರು.

"ಎಂತ ಆಯ್ತು? ಒಳ್ಳೇದಕ್ಕೇ ಅಲ್ವಾ ತಂದದ್ದು?" ಗಂಡ ತಬ್ಬಿಬ್ಬಾದರು.

"ಬಿಸಿ ತಾಗಿದ್ರೆ ಖಲಾಸ್! ಆಮೇಲೆ ಪ್ಲಾಸ್ಟಿಕ್ ಬಿಡಿಸ್ಲಿಕ್ಕೇ ಬರುದಿಲ್ಲ."

ಅಂಗಡಿಯವನು ಮೆಲ್ಲಗೆ ಹೊರತೆಗೆದು ಕೊಟ್ಟ. ದಾರ ಒಂದೆಡೆ ಸ್ವಲ್ಪ ಸಡಿಲವಾಗಿತ್ತು, ಅಷ್ಟೆ. ಮನೆಗೆ ಬಂದ ಮೇಲೆ ಅವರ ಕೈಗೆ ಲೆನ್ಸ್ ಕೊಟ್ಟೆ. ಬಾಗಿ ನೋಡಿದರು.

"ಹುಳ ತಿಂದದ್ದು ಕೂಡ ಬಂದಿದೆಯಲ್ಲ" ಎಂದರು ಮೆಲ್ಲಗೆ.

ಆ ನೋಟುಗಳಲ್ಲಿ ಬೇರೆ ಬೇರೆ ಎಲೆಗಳಿವೆ. ಅವನ್ನೂ ಹುಡುಕುವುದೆಂದು ತೀರ್ಮಾನಿಸಿದ್ದೇನೆ. ಹೋದ ತಿಂಗಳು ಸಾಹೇಬರ ಫೋನ್ ಬಂದಾಗ ನಾನು ಬಸ್ಸಿನ ಕಾರ್ಡು ಹುಡುಕುತ್ತಿದ್ದೆ. ಗಂಡ ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತು, "ಯಲ್ಲಾ, ಹೊರಡು. ಈ ಸಲ ಎಂತದ್ದರ ಎಲೆ?" ಎಂದರು.