ಕಲ್ಲಿಗೆ ಹೊಟ್ಟೆಕಿಚ್ಚಿಲ್ಲ

ಅವರ ಅಂಗಿಯ ಜೇಬು ಯಾವಾಗಲೂ ಜೋತು ಬಿದ್ದಿರುತ್ತಿತ್ತು. ಪೆನ್ನಿನ ಭಾರಕ್ಕಲ್ಲ, ಒಳಗಿದ್ದ ಶಹಾಬಾದ ಫರಸಿ ಕಲ್ಲಿನ ಒಂದು ಚೂರಿನ ಭಾರಕ್ಕೆ. ಅದರ ಒಂದು ಮಗ್ಗುಲು ಪಾಲಿಶ್ ಆದದ್ದು, ಇನ್ನೊಂದು ಒರಟು. ಮಾತಾಡುವಾಗ ಜೇಬಿನೊಳಗೆ ಕೈ ಬಿಟ್ಟು ಹೆಬ್ಬೆರಳಿನಿಂದ ಅದನ್ನು ತಿಕ್ಕುತ್ತಿದ್ದರು. ತಿಕ್ಕಿ ತಿಕ್ಕಿ ಬಟ್ಟೆ ಸವೆದಲ್ಲಿ ಅವರ ಮನೆಯವರು ಬೇರೆ ಬಣ್ಣದ ದಾರದಲ್ಲಿ ಹೊಲಿಗೆ ಹಾಕಿದ್ದರು. ಇಂಥ ಮನುಷ್ಯನನ್ನು ಕಂಡು ನಾನು ವರ್ಷಗಟ್ಟಲೆ ಹೊಟ್ಟೆ ಉರಿಸಿಕೊಂಡೆ ಅಂದರೆ ಯಾರೂ ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಲಿ, ನನ್ನ ಹೊಟ್ಟೆಗೆ ಗೊತ್ತು.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಹೊಸದರಲ್ಲಿ ಅವರು ಸೇಡಂ ಕಡೆಯಿಂದ ಶಹಾಬಾದಿನ ಸರಕಾರಿ ದವಾಖಾನೆಗೆ ಡಾಕ್ಟರಾಗಿ ಬಂದರು. ನಾನು ಆಗಲೇ ಇಲ್ಲಿ ಸ್ವಂತ ದವಾಖಾನೆ ಇಟ್ಟು ಹೆಸರು ಮಾಡಿದವ. ಹೆಸರು ನನ್ನದಲ್ಲ, ನನ್ನ ಗರಂ ಸೂಜಿಯದು. ಕ್ಯಾಲ್ಸಿಯಂ ಇಂಜೆಕ್ಷನ್ನು ನರಕ್ಕೆ ಮೆಲ್ಲಗೆ ಬಿಟ್ಟರೆ ಗಂಟಲಿನಿಂದ ಅಂಗಾಲಿನವರೆಗೆ ಬಿಸಿ ಹರಿಯುತ್ತದೆ. ಕಲ್ಲಿನ ಖಣಿಯಲ್ಲಿ ಫರಸಿ ಎತ್ತಿ ಟೊಂಕ ಹಿಡಿದವರೆಲ್ಲ ನನ್ನ ಬಾಗಿಲಿಗೇ ಬರುತ್ತಿದ್ದರು. "ಗರಂ ಸೂಜಿ ಮಾಡ್ರಿ ಸಾಬ್" ಎಂದು ಚಿತ್ತಾಪುರ, ವಾಡಿಯಿಂದಲೂ ಬರುತ್ತಿದ್ದರು. ಸೂಜಿ ಹೋದರೆ ನಾನು ಹೋದಂತೆ.

ಈ ಹೊಸ ಡಾಕ್ಟರ ಬಾಯಲ್ಲಿ ಒಂದೇ ಮಾತು: "ಹ್ಯಾಂಗ ಗೊತ್ತು?" ಮಕ್ಕಳ ವಾಂತಿಭೇದಿಗೆ ಇಂಥದು ಒಳ್ಳೆಯದೆಂದು ನಾನು ಅಂದರೂ ಅದೇ, ದೊಡ್ಡ ಪುಸ್ತಕದಲ್ಲಿದೆ ಅಂದರೂ ಅದೇ. ವಾಡಿಯಲ್ಲಿ ನಾವು ನಾಲ್ಕಾರು ಡಾಕ್ಟರುಗಳು ಚಹಾಕ್ಕೆ ಕೂಡಿದ್ದ ಒಂದು ಭಾನುವಾರ ನಾನು ಗರಂ ಸೂಜಿಯ ಮಹಿಮೆ ಹೇಳತೊಡಗಿದೆ. ಅವರು ಬಸಿಯಲ್ಲಿ ಚಹಾ ಆರಿಸುತ್ತ ಕೇಳಿದರು, "ಹ್ಯಾಂಗ ಗೊತ್ತ್ರಿ ಡಾಕ್ಟ್ರೇ?"

"ಮಂದಿ ಆರಾಮಾಗಿ ನಡಕೋತ ಹೋಗ್ತಾರ, ಇನ್ನೇನ್ ಬೇಕ್ರಿ?"

"ಸೂಜಿ ಇಲ್ದೆನೂ ನಡಕೋತ ಹೋಗ್ತಿದ್ರೇನೋ. ಇಬ್ರೂ ಕೂಡಿ ನೋಡೋಣ ಬರ್ರಿ."

ನೋಡುವುದೆಂದರೆ ಹೀಗೆ: ಟೊಂಕ ನೋವಿನವರಿಗೆಲ್ಲ ಒಂದೇ ಗುಳಿಗೆ, ಒಂದೇ ಆರೈಕೆ. ಅರ್ಧ ಜನಕ್ಕೆ ಮಾತ್ರ ಜೊತೆಗೆ ನನ್ನ ಸೂಜಿ. ಯಾರಿಗೆ ಸೂಜಿ ಎಂದು ಆ ಕಲ್ಲಿನ ಚೂರು ಹೇಳಬೇಕು. ಪಾಲಿಶ್ ಮೇಲಾಗಿ ಬಿದ್ದರೆ ಸೂಜಿ, ಒರಟು ಬಿದ್ದರೆ ಇಲ್ಲ. ನನ್ನ ಮೈ ಉರಿದುಹೋಯಿತು. ಇಷ್ಟು ವರ್ಷ ನಾಡಿ ಹಿಡಿದ ಕೈ ನನ್ನದು, ಆರಿಸುವುದು ಕಲ್ಲೇ?

"ನೀವು ಆರಿಸಿದ್ರ ಗಟ್ಟಿಮುಟ್ಟು ಇದ್ದವ್ರು ನಿಮ್ಮ ಸೂಜಿ ಕಡೀಗೇ ಬೀಳ್ತಾರ್ರಿ. ನಾ ಆರಿಸಿದ್ರ ನಂದೂ ಅದೇ ಹಣೆಬಾರ," ಎಂದು ನಕ್ಕರು. "ಕಲ್ಲಿಗಿ ಹೊಟ್ಟೆಕಿಚ್ಚಿಲ್ಲ ನೋಡ್ರಿ."

ನನಗೇ ಅಂದರೋ, ಸಹಜವಾಗಿ ಅಂದರೋ, ಇವತ್ತಿಗೂ ತಿಳಿದಿಲ್ಲ. ಗೆಲ್ಲುವವನು ನಾನೇ ಎಂಬ ಸೊಕ್ಕಿನಲ್ಲಿ ಒಪ್ಪಿದೆ.

ಅದಕ್ಕಿಂತ ಹೆಚ್ಚು ಸಂಕಟ ಕೊಟ್ಟದ್ದು ಅವರು ರೋಗಿಗಳ ಮುಂದೆ ಆಡುತ್ತಿದ್ದ ಮಾತು. "ನೋಡಪಾ, ಸೂಜಿಯಿಂದ ಫಾಯ್ದೆ ಅದನೋ ಇಲ್ಲೋ ನಮಗೂ ಗೊತ್ತಿಲ್ಲ. ನೀ ಒಪ್ಪಿದ್ರ ಕಲ್ಲು ಹಾರಸ್ತೀನಿ, ಇಲ್ಲಾಂದ್ರ ಬ್ಯಾಡ." ಡಾಕ್ಟರಾದವನು ಗೊತ್ತಿಲ್ಲ ಅನ್ನುವುದೆಂದರೇನು! ಇನ್ನು ಇವರ ಕಡೆ ನಾಯಿಯೂ ಸುಳಿಯುವುದಿಲ್ಲ ಅಂದುಕೊಂಡೆ. ಆದದ್ದೇ ಬೇರೆ. ಜನ ಅವರ ವರಾಂಡದ ಫರಸಿಯ ಮೇಲೆ ಬೆಳಗಿನಿಂದ ಕಾದು ಕೂಡತೊಡಗಿದರು. ಮನೆಗೆ ಬಂದು ಸಿಡಿಮಿಡಿ ಮಾಡಿದರೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ ಅಂದಳು, "ಗೊತ್ತಿಲ್ಲ ಅಂತ ಹೇಳೋ ಮನುಷ್ಯಾಗ ಸುಳ್ಳು ಹೇಳೋ ಗರಜೇನದ್ರೀ? ಅದಕ್ಕೇ ನಂಬ್ತಾರ." ಆ ಹೊತ್ತು ಪುಂಡಿಪಲ್ಯವೂ ನನಗೆ ರುಚಿಸಲಿಲ್ಲ.

ಸೂಜಿ ಸೋತಿತು. ಯಾರಿಗೆ ಸೂಜಿ ಬಿದ್ದಿದೆಯೆಂದು ಗೊತ್ತಿಲ್ಲದ ಅವರ ದವಾಖಾನೆಯ ನರ್ಸಮ್ಮನೇ ಎಲ್ಲರನ್ನೂ ಬಗ್ಗಿಸಿ ಏಳಿಸಿ ನೋಡಿದ್ದಳು. ಬಿಸಿ ಹತ್ತಿದವರಿಗೂ ಹತ್ತದವರಿಗೂ ಏನೇನೂ ಫರಕಿರಲಿಲ್ಲ. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಅನ್ನುತ್ತಾರಲ್ಲ, ಬಿಚ್ಚುವ ಚಟ ಇವರಿಗೆ, ಹುಳ ನನ್ನ ಪಾಲಿಗೆ. ಸಿಟ್ಟಿನಲ್ಲಿ ಕೂಗಿದೆ, "ನಿಮ್ಮ ಹಲಗಿ ಚಿಕಿತ್ಸಾನೂ ಹಿಂಗೇ ನೋಡ್ರಿ, ತಿಳೀತದ!" ಟೊಂಕ ಹಿಡಿದವರು ಏಳದೆ ಹಲಗೆಯ ಮೇಲೆ ಮಲಗಿರಬೇಕು, ಇದು ಅವರು ಎಲ್ಲ ಕಡೆ ಸಾರುತ್ತಿದ್ದ ವಿದ್ಯೆ.

"ಖರೇ ಮಾತು. ನಂಗ್ಯಾಕ ಹೊಳೀಲಿಲ್ಲ?" ಅಂದವರೇ ಮರುದಿನದಿಂದ ಕಲ್ಲು ಹಾರಿಸಿದರು. ಪಾಲಿಶ್ ಬಿದ್ದರೆ ಹಲಗೆ, ಒರಟು ಬಿದ್ದರೆ ನೋವು ತಡೆದಷ್ಟು ಓಡಾಟ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ, ರಸ್ತೆಯ ಫರಸಿ ಕಾಲು ಸುಡುವ ಬಿಸಿಲಿನಲ್ಲಿ, ನನ್ನ ದವಾಖಾನೆಗೆ ಓಡುತ್ತ ಬಂದರು. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. "ಡಾಕ್ಟ್ರೇ, ನಾ ಸೋತೆ! ಅಡ್ಯಾಡಿದವ್ರೇ ಲಗೂ ಆರಾಮ ಆಗ್ಯಾರ. ಇಷ್ಟು ವರ್ಷ ಮಂದೀಗಿ ಸುಮ್ನೆ ಮಲಗಿಸಿದ್ನಲ್ರೀ!" ಹೇಳುವಾಗ ಆ ಮುಖ ನೋಡಬೇಕಿತ್ತು, ಮಗಳ ಲಗ್ನ ಗಟ್ಟಿಯಾದವನ ಮುಖ.

ಅವರ ವಿದ್ಯೆಗೆ, ಅವರ ವರಾಂಡದ ಜನಕ್ಕೆ ನಾನು ಕರುಬಿದ್ದು ನಿಜ. ಆದರೆ ಅದೆಲ್ಲ ಹೊಗೆ. ಬೆಂಕಿ ಹತ್ತಿದ್ದು ಅವತ್ತು. ನಾನು ಸೋತು ರಾತ್ರಿಯೆಲ್ಲ ಹೊರಳಾಡಿದ್ದೆ. ಇವರು ಸೋತು ಹಬ್ಬ ಮಾಡುತ್ತಿದ್ದರು. ದೇವರು ಆ ಖುಷಿಯಲ್ಲಿ ಒಂದು ಚಿಟಿಕೆಯನ್ನೂ ನನಗೆ ಯಾಕೆ ಕೊಡಲಿಲ್ಲ?

ಆಮೇಲೆ ಸಿರಿಂಜು ಹಿಡಿದರೆ ಸಾಕು, ಕಿವಿಯಲ್ಲಿ "ಹ್ಯಾಂಗ ಗೊತ್ತು?" ಅನ್ನುವ ದನಿ. ಸೂಜಿ ಕೇಳಿ ಬಂದವರಿಗೆ "ಮಾಲು ಬಂದಿಲ್ಲ, ಮುಂದಿನ ವಾರ ಬಾ" ಎಂದು ಸಾಗಹಾಕತೊಡಗಿದೆ. ಸೂಜಿ ಸುಳ್ಳು ಎಂದು ಬಾಯಿಬಿಟ್ಟು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ನನ್ನ ಹೆಸರಿದ್ದದ್ದೇ ಅದರಲ್ಲಿ.

ಅವರಿಗೆ ಚಿಂಚೋಳಿಗೆ ವರ್ಗವಾಯಿತು. ಅಲ್ಲಿಯೂ ಕಲ್ಲು ಹಾರಿಸುತ್ತಿದ್ದಾರೆಂದು ಬಸ್ಸಿನವರು ಹೇಳುತ್ತಿದ್ದರು. ಕೆಲವು ವರ್ಷಗಳ ಮೇಲೆ, ರೋಗಿ ನೋಡುತ್ತಿದ್ದಾಗಲೇ ಎದೆನೋವು ಬಂದು ಹೋಗಿಬಿಟ್ಟರು. ಅವರ ಮಣ್ಣಿಗೆ ಹೋದೆ. ಸುಲೇಪೇಟೆಯಿಂದ, ಚಂದ್ರಂಪಳ್ಳಿಯಿಂದ ಬಂದ ಜನ ರಸ್ತೆ ತುಂಬಿದ್ದರು. ಅಳುವ ಹೊತ್ತಿನಲ್ಲಿಯೂ, ನನಗೆ ಇದರ ಅರ್ಧವಾದರೂ ಜನ ಬಂದಾರೆಯೇ ಎಂಬ ಲೆಕ್ಕ ತಲೆಯಲ್ಲಿ ನಡೆದಿತ್ತು. ಏನು ಮಾಡಲಿ, ಹುಟ್ಟುಗುಣ.

ಊರಿಗೆ ಮರಳಿದ ಮೇಲೆ ಮೊದಲು ಬಂದವನು ಖಣಿಯ ಒಬ್ಬ ಹಳೆಯ ಮೇಸ್ತ್ರಿ. ಟೊಂಕ ಹಿಡಿದುಕೊಂಡು ಬೆಂಚಿನ ಮೇಲೆ ಕೂತು ಕೈ ಚಾಚಿದ. "ಗರಂ ಸೂಜಿ ಮಾಡ್ರಿ ಸಾಬ್. ಮಾಲು ಬಂದದೇನು?"

"ಬಂದದ. ಆದ್ರ ಮಾಡೋದಿಲ್ಲ. ಅದರಿಂದ ಏನೂ ಆಗೋದಿಲ್ಲಪಾ. ತಡದಷ್ಟು ಅಡ್ಯಾಡು, ಆರಾಮ ಆಗ್ತದ."

ಅವನು ಚಾಚಿದ ಕೈ ಹಾಗೇ ಇತ್ತು. ನನ್ನ ಮುಖವನ್ನೇ ದಿಟ್ಟಿಸಿ ಕೇಳಿದ, "ಹ್ಯಾಂಗ ಗೊತ್ತ್ರಿ ಸಾಬ್?"

ಸರಕಾರಿ ಡಾಕ್ಟರು ಹೇಳಿದ್ದರು ಅನ್ನಬಹುದಿತ್ತು. ಅನ್ನಲಿಲ್ಲ, ಅದನ್ನೂ ಅವರೊಬ್ಬರಿಗೇ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ನಾವಿಬ್ರೂ ಕೂಡಿ ನೋಡೀವಪಾ," ಅಂದೆ. "ನಾ ಸೋತೀನಿ."