ಖಾಲಾ ಮನೆಯ ಅಪ್‌ಡೇಟ್

ನನಗೆ ಸಿಟ್ಟು ಬೇಗ ಬರುತ್ತದೆ. ಅದರಲ್ಲೂ ‘ನಾನೇನೂ ಮಾಡಿಲ್ಲ, ತಾನಾಗೇ ಹಿಂಗಾಯ್ತು’ ಅನ್ನುವ ಫೋನು ಬಂದರೆ ಮೈಯೆಲ್ಲ ಉರಿದುಹೋಗುತ್ತದೆ. ತುಮಕೂರಿನ ಶಿರಾ ಗೇಟ್‌ನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಇಂಥ ಫೋನು ಬರದೆ ಇನ್ನೆಂಥದ್ದು ಬರಬೇಕು ಅಂತ ನನ್ನ ಹೆಂಡತಿ ಕೇಳುತ್ತಾಳೆ. ನ್ಯಾಯವಾದ ಮಾತು. ಆದರೂ ಉರಿಯುತ್ತದೆ. ಗುಬ್ಬಿಯ ಖಾಲಾ ವಿಷಯದಲ್ಲಿ ನಾನು ಮಾಡಿದ್ದೆಲ್ಲ ಶುರುವಾಗಿದ್ದು ಇಂಥದೇ ಒಂದು ಫೋನಿನಿಂದ.

ಅದಕ್ಕೂ ಮೊದಲು ನನ್ನ ಹುಚ್ಚಿನ ಬಗ್ಗೆ ಹೇಳಬೇಕು. ಇಮೇಲ್ ಓದುವುದಕ್ಕೆ ಒಂದು ತಂತ್ರಾಂಶ ಇದೆ. ಅದು ಯಾವ ಕಂಪನಿಯ ಗುಟ್ಟೂ ಅಲ್ಲ. ಅದರ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಪುಕ್ಕಟೆಯಾಗಿ ಹಾಕಿಕೊಳ್ಳಬಹುದು. ಲೋಕದ ಎಲ್ಲೆಲ್ಲೋ ಕೂತವರು ಅದರ ಲೋಪಗಳನ್ನು ಹುಡುಕಿ ಸರಿಮಾಡುತ್ತಾ ಹೊಸ ಹೊಸ ಅಪ್‌ಡೇಟ್ ಬಿಡುತ್ತಿರುತ್ತಾರೆ. ನನಗೆ ಕೋಡ್ ಬರೆಯುವಷ್ಟು ಬುದ್ಧಿ ಇಲ್ಲ. ಆದರೆ ಅದರ ಬಟನ್ನುಗಳ ಮೇಲಿನ ಇಂಗ್ಲಿಷನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸಕ್ಕೆ ಹೆಸರು ಕೊಟ್ಟಿದ್ದೆ. ಸಂಬಳ ಇಲ್ಲ, ಸನ್ಮಾನ ಇಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕೂತು ‘ಕಳುಹಿಸಿ’, ‘ಅಳಿಸಿ’, ‘ಲಗತ್ತಿಸಿ’ ಅಂತ ಬರೆಯುತ್ತಿದ್ದೆ. ನಾನು ಬರೆದ ಮಾತು ಎಲ್ಲೋ ಒಂದು ಮನೆಯ ಪರದೆ ಮೇಲೆ ಕಾಣುತ್ತದಲ್ಲ ಅನ್ನುವ ಜಂಭ ಒಂದಿತ್ತು.

ಆ ಮನೆ ಖಾಲಾರದು. ಖಾಲಾ ಅಂದರೆ ಚಿಕ್ಕಮ್ಮ. ಗುಬ್ಬಿಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು ಖಾಲಾ, ಕೋರಾ ಅನ್ನುವ ಊರಿನ ಗೌಡರ ಮನೆಯಿಂದ ಬಂದ ನನಗೂ ಅಷ್ಟೇ. ಗುಬ್ಬಿ, ತುಮಕೂರು, ಕುಣಿಗಲ್ ಕಡೆಯ ಮುಸ್ಲಿಂ ಮನೆಗಳಲ್ಲಿ ಹುಡುಗ ಹುಡುಗಿಗೆ ಸಂಬಂಧ ಕುದುರಿಸುವುದು ಅವರ ಕಸುಬು. ಅದರಲ್ಲಿ ಅವರದೇ ಎರಡು ಕಟ್ಟಳೆ ಇದ್ದವು. ಒಂದು, ಹುಡುಗಿಯ ಫೋಟೋ ಯಾರ ಕೈಗೂ ಹೋಗಬಾರದು. ಹುಡುಗನ ತಾಯಿ ಖಾಲಾರ ಮನೆಗೇ ಬಂದು, ಅವರ ಮುಂದೆಯೇ ಕಂಪ್ಯೂಟರಿನಲ್ಲಿ ನೋಡಿ ಹೋಗಬೇಕು. ವಾಟ್ಸಾಪಿಗೆ ಹೋದ ಫೋಟೋ ಬಸ್‌ಸ್ಟ್ಯಾಂಡಿಗೆ ಹೋದಂಗೆ ಅನ್ನುತ್ತಿದ್ದರು. ಹಾಗಾಗಿ ಹೆಣ್ಣಿನ ಮನೆಯವರು ಫೋಟೋ, ಬಯೋಡೇಟಾ ಎಲ್ಲ ಖಾಲಾರ ಇಮೇಲಿಗೇ ಕಳಿಸುತ್ತಿದ್ದರು.

ಎರಡನೆಯದು ಇನ್ನೂ ಸೂಕ್ಷ್ಮ. ಹುಡುಗಿಗೆ ಹಿಂದೆ ಕಾಯಿಲೆ ಇತ್ತು, ಮೊದಲೊಂದು ನಿಶ್ಚಿತಾರ್ಥ ಮುರಿದಿತ್ತು, ಇಂಥದ್ದನ್ನು ಮುಚ್ಚಿಡುವ ಹಾಗಿಲ್ಲ; ಆದರೆ ಹೇಳಬೇಕಾದವರು ಖಾಲಾ, ಅದೂ ಬಾಯಿಂದಲೇ. ಹುಡುಗನ ತಾಯಿ ಹೆಣ್ಣಿನ ಮನೆಗೆ ಹೋಗಿ, ಹುಡುಗಿಯ ಮುಖ ನೋಡಿ, ಚಾ ಕುಡಿದು ಎದ್ದ ಮೇಲೆ ಪಕ್ಕಕ್ಕೆ ಕರೆದು ಹೇಳುತ್ತಿದ್ದರು. ಮುಖ ನೋಡಿದ ಮೇಲೆ ಕೇಳಿದ್ದು ಬೇರೆ, ನೋಡುವ ಮೊದಲೇ ಕೇಳಿದ್ದು ಬೇರೆ ಅನ್ನುವುದು ಅವರ ಅನುಭವ. ಫೋನಿನಲ್ಲಿ ಮಾತಾಡಿದರೆ ಅಕ್ಕಪಕ್ಕದವರ ಕಿವಿಗೆ ಬೀಳುತ್ತದೆ ಅಂತ ತಾಯಂದಿರು ಇಂಥ ಸಂಗತಿಗಳನ್ನೂ ಖಾಲಾರಿಗೆ ಇಮೇಲಿನಲ್ಲೇ ಬರೆಯುತ್ತಿದ್ದರು. ಅವರ ಹೊಟ್ಟೆಯಲ್ಲಿ ಎಷ್ಟು ಮನೆಯ ಮಾತು ಇತ್ತೋ, ಆ ಕಂಪ್ಯೂಟರಿನಲ್ಲೂ ಅಷ್ಟೇ ಇತ್ತು.

ಖಾಲಾ ಓದಿದ್ದು ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಬಾರದು. ನನ್ನ ಕನ್ನಡದ ತಂತ್ರಾಂಶ ಹಾಕಿಕೊಟ್ಟ ದಿನ ಒಂದೊಂದೇ ಬಟನ್ ಓದಿ ನೋಡಿ, ಇದು ನಮ್ಮ ಮೇಷ್ಟ್ರು ಬೋರ್ಡ್ ಮೇಲೆ ಬರೆದಂಗೈತಲ್ಲ ಬೇಟಾ ಅಂತ ನಕ್ಕಿದ್ದರು. ನಾನು ಅವತ್ತು ಅಂಗಡಿಗೆ ವಾಪಸ್ ಬಂದಿದ್ದು ಸ್ಕೂಟರ್ ಮೇಲೋ ಗಾಳಿಯಲ್ಲೋ ನೆನಪಿಲ್ಲ.

ಆಮೇಲೆ ಆ ಫೋನು ಬಂತು. ದೊಡ್ಡದೊಂದು ಅಪ್‌ಡೇಟ್ ತಾನಾಗಿಯೇ ಬಂದು ಕೂತಿತ್ತು. ಬಟನ್ನುಗಳ ಜಾಗ ಬದಲಾಗಿತ್ತು, ಹೊಸದಾಗಿ ಸೇರಿದ್ದೆಲ್ಲ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷಿನಲ್ಲಿತ್ತು ಅಂದರೆ ಏನರ್ಥ? ಕನ್ನಡ ಮಾಡಬೇಕಾದವನು ಮಾಡಿರಲಿಲ್ಲ ಅಂತ ಅರ್ಥ. ಆ ಸೋಮಾರಿ ನಾನೇ. ಖಾಲಾ ಗಾಬರಿಯಾಗಿ, ಇಮೇಲಿನ ಕಾಗದಗಳೆಲ್ಲ ಹೋದವು, ನಾನೇನೂ ಮಾಡಿಲ್ಲ ಅಂದರು. ಉರಿಬಿಸಿಲಲ್ಲಿ ಗುಬ್ಬಿಗೆ ಹೋದೆ. ಕಾಗದಗಳೆಲ್ಲ ಇದ್ದಲ್ಲೇ ಇದ್ದವು. ತೋರಿಸಿಕೊಟ್ಟು ಬಂದೆ. ಮಾರನೆ ದಿನ ಮತ್ತೆ ಫೋನು. ಮತ್ತೆ ಹೋದೆ. ಆವತ್ತು ಹಳೆಯ ಆವೃತ್ತಿಯನ್ನೇ ವಾಪಸ್ ಹಾಕಿ, ಸೆಟ್ಟಿಂಗಿಗೆ ಹೋಗಿ, ಇನ್ನು ಮುಂದೆ ಅಪ್‌ಡೇಟ್ ಬರದ ಹಾಗೆ ಬಂದ್ ಮಾಡಿಬಿಟ್ಟೆ. ಸರಿಹೋಯ್ತು ಖಾಲಾ, ಇನ್ನು ಏನೂ ಬದಲಾಗಲ್ಲ ಅಂದೆ. ಅವರು ಮೈಸೂರು ಪಾಕು ಕೊಟ್ಟರು. ತಿಂದೆ.

ಏನು ಬಂದ್ ಮಾಡಿದೆ ಅಂತ ಅವರಿಗೆ ಹೇಳಲಿಲ್ಲ. ಹೇಳಿದರೆ ಅರ್ಥವಾಗುತ್ತದಾ ಅಂದುಕೊಂಡೆ. ಪೂರ್ತಿ ಕನ್ನಡ ಮಾಡಿ ಮುಗಿಸಿದ ಮೇಲೆ ಹೊಸದು ಹಾಕಿಕೊಟ್ಟರಾಯಿತು, ಅಲ್ಲಿವರೆಗೂ ಪಾಪ ಕನ್ನಡದಲ್ಲೇ ಓದಿಕೊಂಡಿರಲಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕನ್ನಡದ ಮೇಲಿನ ಪ್ರೀತಿಯಂತೆ, ಪ್ರೀತಿ! ಗುಬ್ಬಿಗೆ ಅಲೆಯುವುದು ತಪ್ಪಲಿ ಅಂತ ಮಾಡಿದ ಕೆಲಸ ಅದು. ರುಚಿ ಹತ್ತಿ ಬೇರೆ ಗಿರಾಕಿಗಳ ಕಂಪ್ಯೂಟರಿನಲ್ಲೂ ಹಾಗೇ ಮಾಡಿದೆ. ಫೋನುಗಳು ನಿಂತವು. ನೆಮ್ಮದಿಯಾಗಿದ್ದೆ.

ಇನ್ನೊಂದನ್ನು ಹೇಳದಿದ್ದರೆ ಎಲ್ಲವೂ ಸುಳ್ಳಾಗುತ್ತದೆ. ಅಪ್‌ಡೇಟುಗಳು ಬರುತ್ತಲೇ ಇದ್ದವು, ಅವುಗಳ ಜೊತೆ ಬರುವ ಟಿಪ್ಪಣಿಯನ್ನು ನಾನು ಓದುತ್ತಲೇ ಇದ್ದೆ. ಒಂದರಲ್ಲಿ ಸ್ಪಷ್ಟವಾಗಿ ಇತ್ತು: ಇಮೇಲಿನ ಜೊತೆ ಬಂದ ಕೆಲವು ಫೈಲುಗಳು ಫೋಟೋ ಥರ ಕಾಣಿಸಿಕೊಂಡು, ಒತ್ತಿದರೆ ಒಳಗಿನ ಬೇರೆಯದೇ ಪ್ರೋಗ್ರಾಮನ್ನು ಓಡಿಸಬಹುದಾದ ಲೋಪ ಸರಿಮಾಡಲಾಗಿದೆ ಅಂತ. ಅಪ್‌ಡೇಟ್ ಬಂದಾಗ ಪರದೆ ಮೇಲೆ ಮೂಡುವ ವಾಕ್ಯವನ್ನು ಕನ್ನಡಕ್ಕೆ ಮಾಡಿದವನೂ ನಾನೇ. ‘ಈ ಆವೃತ್ತಿಯಲ್ಲಿ ಸುರಕ್ಷತೆಯ ದೋಷಗಳನ್ನು ಸರಿಪಡಿಸಲಾಗಿದೆ. ದಯವಿಟ್ಟು ಈಗಲೇ ಹಾಕಿಕೊಳ್ಳಿ.’ ಆ ‘ದಯವಿಟ್ಟು’ ಮೂಲದಲ್ಲಿ ಇರಲಿಲ್ಲ, ಖಾಲಾರಂಥವರಿಗೆ ಮರ್ಯಾದೆಯಾಗಿ ಇರಲಿ ಅಂತ ನಾನೇ ಸೇರಿಸಿದ್ದು. ಅದು ಖಾಲಾರಿಗೆ ಕಾಣದ ಹಾಗೆ ಮಾಡಿದ್ದೂ ನಾನೇ.

ದಿನವೂ ಫೋಟೋ ತೆರೆದು ನೋಡುವುದೇ ಕೆಲಸವಾಗಿದ್ದ ಹೆಂಗಸು ಅವರು. ಒಂದು ದಿನ ಯಾರೋ ಕಳಿಸಿದ ಫೋಟೋ ಅಂತ ಒತ್ತಿದರು. ತೆರೆಯಲಿಲ್ಲ. ಇನ್ನೊಂದು ಸಲ ಒತ್ತಿದರು. ಕಳಿಸಿದವರೇ ತಪ್ಪು ಮಾಡಿರಬೇಕು ಅಂತ ಸುಮ್ಮನಾದರು.

ಅದಾದ ಮೇಲೆ ಅವರ ಹೆಸರಿನಲ್ಲಿ, ಅವರ ವಿಳಾಸದಿಂದ, ಗೊತ್ತಿರುವ ಮನೆಗಳಿಗೆಲ್ಲ ಇಮೇಲ್ ಹೋಗತೊಡಗಿತು. ನಿಜವಾದದ್ದೇ ಅಂತ ನಂಬಿಸುವುದಕ್ಕೆ ಆ ಕಳ್ಳ ಪ್ರೋಗ್ರಾಮು ಪ್ರತಿಯೊಂದರ ಕೆಳಗೂ ಒಂದು ಹಳೆಯ ಕಾಗದವನ್ನು ಅಂಟಿಸಿ ಕಳಿಸುತ್ತಿತ್ತು. ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಯಿತು. ಕುಣಿಗಲ್‌ನ ಒಬ್ಬ ತಾಯಿ ಬರೆದಿದ್ದು ತುಮಕೂರಿನ ಬಟವಾಡಿಯ ಒಂದು ಮನೆಗೆ ಹೋಯಿತು. ಮಗಳಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತು, ಈಗ ಮಾತ್ರೆಯೂ ಇಲ್ಲ, ಡಾಕ್ಟರು ಹೆದರುವುದೇನಿಲ್ಲ ಅಂದಿದ್ದಾರೆ, ಹೇಗೆ ಹೇಳಬೇಕೋ ನೀವೇ ಹೇಳಿ ಖಾಲಾ ಅಂತ ಅದರಲ್ಲಿತ್ತು. ಅದೇ ಬಟವಾಡಿಯ ಹುಡುಗನ ತಾಯಿ ಮುಂದಿನ ಶುಕ್ರವಾರ ಹುಡುಗಿ ನೋಡಲು ಕುಣಿಗಲ್‌ಗೆ ಹೋಗುವುದಿತ್ತು. ಚಾ ಕುಡಿದ ಮೇಲೆ ಖಾಲಾ ಹೇಳುವವರಿದ್ದರು. ಆ ತಾಯಿ ಹೋಗಲೇ ಇಲ್ಲ. ಕಾಯಿಲೆಗಲ್ಲ, ಇಷ್ಟು ದಿನ ಮುಚ್ಚಿಟ್ಟು ಈಗ ಹಿಂಗೆ ಕಳಿಸ್ತೀರಲ್ಲ ಅಂತ ಖಾಲಾರ ಮೇಲೆ ಸಿಟ್ಟು.

ಸುದ್ದಿ ತಿಳಿದು ನಾನು ಗುಬ್ಬಿಗೆ ಹೋಗಿ ಕಂಪ್ಯೂಟರಿನಿಂದ ಆ ಪ್ರೋಗ್ರಾಮನ್ನು ತೊಳೆದೆ, ಪಾಸ್‌ವರ್ಡ್ ಬದಲಿಸಿದೆ, ಸರಿಹೋಯಿತಾ ನೋಡಲು ನನ್ನ ಕಡೆಯಿಂದ ಒಂದು ಇಮೇಲ್ ಕಳಿಸಿದೆ, ಎಲ್ಲ ಅಪ್‌ಡೇಟ್ ಹಾಕಿದೆ. ಪರದೆ ಮೇಲೆ ನನ್ನದೇ ವಾಕ್ಯ ಬಂತು, ದಯವಿಟ್ಟು ಅಂತ. ಹಿಂದೆ ಮಂಚದ ಮೇಲೆ ಕೂತಿದ್ದ ಖಾಲಾ ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು.

“ನಾನೇ ಒತ್ತಿದ್ದು ಬೇಟಾ. ನನ್ನ ಕೈಗಿಷ್ಟು ಬೆಂಕಿ ಬೀಳ್ಲಿ.”

ಆಗಲೇ ಹೇಳಬೇಕಿತ್ತು. ದೊಡ್ಡ ದೊಡ್ಡ ಕಂಪನಿಗಳಲ್ಲೇ ಹಿಂಗಾಗುತ್ತೆ, ನೀವು ಬೇಜಾರು ಮಾಡ್ಕೋಬೇಡಿ ಅಂದೆ. ಅದೂ ಸುಳ್ಳಲ್ಲ ನೋಡಿ. ಸುಳ್ಳಲ್ಲದ ಮಾತನ್ನೇ ಹುಡುಕಿ ಹುಡುಕಿ ಆಡಿದೆ. ಥೂ ನನ್ನ ಜನ್ಮಕ್ಕೆ.

ಖಾಲಾ ಕುಣಿಗಲ್‌ಗೆ ಹೋಗಿ ಮಾಫಿ ಕೇಳಬೇಕು ಅಂದರು. ಕಂಪ್ಯೂಟರಿನ ವಿಷಯ ಅವರಿಗೆ ಬಿಡಿಸಿ ಹೇಳೋಕೆ ನೀನು ಬಾ ಅಂತ ನನ್ನನ್ನೂ ಕರೆದರು. ತುಮಕೂರಿನಲ್ಲಿ ಬಸ್ ಬದಲಾಯಿಸಿ, ಹೆಬ್ಬೂರಿನ ಮೇಲೆ ಹೋದೆವು. ದಾರಿಯುದ್ದಕ್ಕೂ ಅವರು ಬುರ್ಖಾದ ತುದಿಯನ್ನು ಸುತ್ತಿ ಸುತ್ತಿ ಬಿಡುತ್ತಿದ್ದರು. ಎಷ್ಟು ಮನೆಗಳ ಹೊಸ್ತಿಲನ್ನು ಯಜಮಾನಿಯ ಹಾಗೆ ದಾಟಿದ ಹೆಂಗಸು. ಆ ಮನೆಯ ಮುಂದೆ ಚಪ್ಪಲಿ ಬಿಟ್ಟು, ಒಳಗಿಂದ ಬನ್ನಿ ಅನ್ನುವವರೆಗೂ ನಿಂತೇ ಇದ್ದರು.

ತಾಯಿ ಸಲಾಂಗೆ ಸಲಾಂ ಅಂದು ಗೋಡೆ ಕಡೆ ತಿರುಗಿ ಕೂತರು. ಚಾ ತಂದವಳು ಆ ಹುಡುಗಿಯೇ. ಅಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಿದ್ದಳು. ಖಾಲಾ ತಮ್ಮ ಕೈಯಿಂದ ಆದ ತಪ್ಪು, ವಯಸ್ಸಾಯಿತು, ನೋಡದೆ ಒತ್ತಿಬಿಟ್ಟೆ ಅಂತ ಶುರು ಮಾಡಿದರು. ನನಗೆ ಕೂರಲಾಗಲಿಲ್ಲ. ಅವರು ಒತ್ತಿದ್ದಕ್ಕಲ್ಲ, ತಂತ್ರಾಂಶ ಹಳೇದಿತ್ತು, ಹೊಸದಿದ್ದಿದ್ದರೆ ಒತ್ತಿದರೂ ಏನೂ ಆಗುತ್ತಿರಲಿಲ್ಲ ಅಂದುಬಿಟ್ಟೆ.

ಹುಡುಗಿ ತಟ್ಟೆ ಕೆಳಗಿಟ್ಟಳು.

“ಹಳೇದು ಇಟ್ಟಿದ್ದು ಯಾರು?”

“ನಾನೇ,” ಅಂದೆ. “ಹೊಸದು ಬರದಂಗೆ ಬಂದ್ ಮಾಡಿದ್ದೆ. ಖಾಲಾಗೆ ಹೇಳಿರಲಿಲ್ಲ.”

ಖಾಲಾ ನನ್ನ ಕಡೆ ತಿರುಗಿದರು. ನಾನು ಅವರ ಮುಖ ನೋಡಲಿಲ್ಲ, ಚಾ ಲೋಟವನ್ನೇ ನೋಡುತ್ತಾ ಕೂತೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮಾತಾಡಿದವಳು ಹುಡುಗಿ.

“ನಂಗೆ ಮೂರ್ಛೆ ಬರ್ತಿತ್ತು ಅನ್ನೋದು ಸುಳ್ಳಲ್ಲ ಅಣ್ಣ. ಅದಕ್ಕೆ ನಾಚ್ಕೆಯೂ ಇಲ್ಲ. ಆದ್ರೆ ಅದು ನನ್ನ ಮಾತು. ಯಾರಿಗೆ ಯಾವಾಗ ಹೇಳ್ಬೇಕು ಅಂತ ನನ್ನ ಒಂದು ಮಾತು ಕೇಳ್ಬೇಕಿತ್ತು ಅಲ್ವಾ?”

ಆ ಪ್ರೋಗ್ರಾಮು ಯಾರನ್ನು ಕೇಳುತ್ತದೆ, ಅದು ಕಳ್ಳ. ಬಂದ್ ಮಾಡುವ ಮೊದಲು ಕೇಳಬಹುದಾಗಿದ್ದವನು ನಾನೊಬ್ಬನೇ. ಕ್ಷಮಿಸಮ್ಮ ಅಂದೆ. ಅವಳು ತಲೆಯಾಡಿಸಿದಳು, ಕ್ಷಮಿಸಿದ್ದೇನೆ ಅಂತಲೋ, ಸಾಕು ಹೊರಡಿ ಅಂತಲೋ ಇವತ್ತಿಗೂ ಗೊತ್ತಿಲ್ಲ. ಚಾ ಆರಿತ್ತು. ಕುಡಿದೆವು. ಅವರ ಮನೆಯಲ್ಲಿ ಕೊಟ್ಟಿದ್ದನ್ನು ಬಿಡುವ ಹಾಗಿರಲಿಲ್ಲ.

ವಾಪಸ್ ಹೊರಟ ಬಸ್ಸು ಕುಣಿಗಲ್ ಕೆರೆ ದಾಟಿತು. ಖಾಲಾ ಕಿಟಕಿ ಕಡೆಯೇ ನೋಡುತ್ತಾ ಅಂದರು.

“ನನ್ನ ಕೇಳ್ಬೋದಿತ್ತಲ್ಲ ಬೇಟಾ. ನಾಲ್ಕು ಇಂಗ್ಲಿಷ್ ಅಕ್ಷರ ತಾನೇ. ಕಲೀತಿದ್ದೆ.”

ಇಷ್ಟೇ. ಅದರ ಮೇಲೆ ಆ ವಿಷಯ ಎತ್ತಲಿಲ್ಲ. ಅವರ ತುಮಕೂರು–ಗುಬ್ಬಿ ಟಿಕೆಟನ್ನೂ ನನಗೆ ತೆಗೆಯಗೊಡಲಿಲ್ಲ.

ಬೇರೆ ಗಿರಾಕಿಗಳ ಅಂಗಡಿ, ಮನೆಗಳಿಗೆಲ್ಲ ನಾನೇ ಹೋಗಿ, ಕರೆಯದೆ ಹೋಗಿ, ಬಂದ್ ಮಾಡಿದ್ದನ್ನು ತೆರೆದುಬಂದೆ. ಯಾಕೆ ಬಂದ್ ಮಾಡಿದ್ದೆ ಅಂತಲೂ ಹೇಳಿದೆ. ಇಬ್ಬರು ಉಗಿದರು, ಉಳಿದವರಿಗೆ ಅದರ ತಲೆಬುಡ ತಿಳಿಯಲಿಲ್ಲ. ಬಾಕಿ ಇದ್ದ ಕನ್ನಡವನ್ನೂ ಕೂತು ಮುಗಿಸಿದೆ. ಅಷ್ಟು ದಿನ ಆಗದ ಕೆಲಸ ಒಂದೇ ವಾರದಲ್ಲಿ ಆಯಿತು.

ಕುಣಿಗಲ್‌ನಿಂದ ಬಂದ ಮೇಲೆ ಖಾಲಾ ನನ್ನಿಂದ ಕಲಿತಿದ್ದು ಒಂದೇ: ಅಳಿಸುವುದು. ಒಂದೊಂದೇ ಕಾಗದ ತೆರೆದು, ಮೊದಲಿಂದ ಕೊನೆವರೆಗೆ ಓದಿ, ಅಳಿಸಿದರು. ಹೊಸ ಕಾಗದ ಯಾರೂ ಬರೆಯಲಿಲ್ಲ. ಅವರ ಮನೆಯ ಜಗುಲಿಯಲ್ಲಿ ಈಗ ಹುಡುಗನ ತಾಯಂದಿರ ಚಪ್ಪಲಿ ಕಾಣುವುದಿಲ್ಲ. ಆ ಕುಣಿಗಲ್ ಹುಡುಗಿಗೆ ಮುಂದೇನಾಯಿತೋ ನನಗೆ ಗೊತ್ತಿಲ್ಲ. ಖಾಲಾರಿಗೂ ಗೊತ್ತಿಲ್ಲ. ಮೊದಲಾಗಿದ್ದರೆ ಎಲ್ಲರಿಗಿಂತ ಮುಂಚೆ ಗೊತ್ತಾಗುತ್ತಿದ್ದುದು ಅವರಿಗೇ.

ಆದರೂ ಕಂಪ್ಯೂಟರನ್ನು ದಿನಾ ಹಚ್ಚುತ್ತಾರೆ. ಅಪ್‌ಡೇಟ್ ಬಂದ ದಿನ ನನಗೆ ಫೋನು ಬರುತ್ತದೆ. ಮೊನ್ನೆಯೂ ಬಂತು, ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರನ್ನು ಬಿಟ್ಟು ಹೊರಗೆ ಬಂದು ನಿಂತೆ. ಶಿರಾ ಗೇಟಿನ ಗಲಾಟೆಯಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೇಳಿಸಿಕೊಂಡೆ. ಅವರು ಪರದೆ ಮೇಲಿನದನ್ನು ಶಾಲೆಯ ಮಕ್ಕಳ ಹಾಗೆ ನಿಧಾನವಾಗಿ ಓದಿದರು. ಈ ಆವೃತ್ತಿಯಲ್ಲಿ ಸುರಕ್ಷತೆಯ ದೋಷಗಳನ್ನು ಸರಿಪಡಿಸಲಾಗಿದೆ. ದಯವಿಟ್ಟು ಈಗಲೇ ಹಾಕಿಕೊಳ್ಳಿ.

“ಒತ್ತಲಾ ಬೇಟಾ?”

ಗುಬ್ಬಿಯಿಂದ ಕುಣಿಗಲ್‌ವರೆಗೆ ಯಾರ ಮಗಳು ಯಾರ ಮನೆ ಸೇರಬೇಕು ಅಂತ ತೀರ್ಮಾನ ಮಾಡುತ್ತಿದ್ದವರು, ಒಂದು ಬಟನ್ ಒತ್ತುವುದಕ್ಕೆ ನನ್ನ ಅಪ್ಪಣೆ ಕೇಳುತ್ತಾರೆ. ಒತ್ತಿ ಖಾಲಾ ಅಂದೆ. ಆಗುವವರೆಗೂ ಇಬ್ಬರೂ ಫೋನು ಹಿಡಿದುಕೊಂಡೇ ಇದ್ದೆವು. ಆಯ್ತು ಅಂದರು. ತಡೆಯಲಾರದೆ, ಕಾಗದ ಏನಾದರೂ ಬಂದಿದೆಯಾ ಅಂತ ಕೇಳಿದೆ.

“ನಿಂದೇ ಒಂದೈತಲ್ಲ, ಅವತ್ತು ಸರಿಹೋಯ್ತಾ ನೋಡಕ್ಕೆ ಕಳಿಸಿದ್ದು. ಇರ್ಲಾ, ಅದನ್ನೂ ಅಳಿಸ್ಲಾ?”

ಅದು ನಿಮ್ಮಿಷ್ಟ ಖಾಲಾ ಅಂದೆ. ಇಲ್ಲ ಬೇಟಾ, ನೀನೇ ಹೇಳು ಅಂದರು.